37,000 ಅಡಿಯ ತಪ್ಪು ಯಾರದು?

2006ರ ಸೆಪ್ಟೆಂಬರ್ 29ರ ಸಂಜೆ ಅಮೆಜಾನ್ ಕಾಡಿನ ಮೇಲೆ, 37,000 ಅಡಿ ಎತ್ತರದಲ್ಲಿ ಎದುರುಬದುರಾಗಿ ಬಂದ ಎರಡು ವಿಮಾನಗಳು ಡಿಕ್ಕಿಯಾದವು. ಬ್ರೆಜಿಲ್‌ನ ಗೋಲ್ ಸಂಸ್ಥೆಯ ಬೋಯಿಂಗ್ 737 ಕಾಡಿಗೆ ಬಿದ್ದು, ಅದರಲ್ಲಿದ್ದ 154 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಇನ್ನೊಂದು, ಎಂಬ್ರೇಯರ್ ಕಾರ್ಖಾನೆಯಿಂದ ಹೊಸದಾಗಿ ಹೊರಬಂದು ಅಮೆರಿಕದ ಕಂಪನಿಯೊಂದಕ್ಕೆ ಹೊರಟಿದ್ದ ಲೆಗಸಿ 600 ಕಾರ್ಪೊರೇಟ್ ಜೆಟ್. ರೆಕ್ಕೆಯ ತುದಿ ಮುರಿದುಕೊಂಡ ಅದು ಕಾಡಿನ ನಡುವಿನ ವಾಯುನೆಲೆಯೊಂದರಲ್ಲಿ ಇಳಿಯಿತು, ಒಳಗಿದ್ದ ಏಳೂ ಜನ ಬದುಕಿದರು. ಬದುಕಿದ್ದೇ ಅದರ ಇಬ್ಬರು ಅಮೆರಿಕನ್ ಪೈಲಟ್‌ಗಳ ಮೊದಲ ಅಪರಾಧವೇನೋ ಎಂಬಂತೆ ಬ್ರೆಜಿಲ್‌ನ ಸಿಟ್ಟು ಅವರತ್ತ ತಿರುಗಿತು. ಪಾಸ್‌ಪೋರ್ಟ್ ಕಿತ್ತುಕೊಂಡು ಸುಮಾರು ಎರಡು ತಿಂಗಳು ಅವರನ್ನು ದೇಶ ಬಿಡಗೊಡಲಿಲ್ಲ. 2011ರಲ್ಲಿ ಅಲ್ಲಿನ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಹಾರಬಾರದ ಎತ್ತರದಲ್ಲಿ ಹಾರಿದರು ಎಂಬ ಮಾತು ಮಾತ್ರ ತೀರ್ಪಿಗೆ ಬಹಳ ಮೊದಲೇ ಜನರ ಮನಸ್ಸಿನಲ್ಲಿ ಬೇರುಬಿಟ್ಟಿತ್ತು. ಆ ಮಾತು ಅರ್ಧ ಸತ್ಯ, ಆದ್ದರಿಂದಲೇ ಅಪಾಯಕಾರಿ.

ಆ ಎತ್ತರಗಳಲ್ಲಿ ಪೂರ್ವ ಮುಖವಾಗಿ ಹೋಗುವ ವಿಮಾನಗಳಿಗೆ ಬೆಸ ಸಂಖ್ಯೆಯ ಸಾವಿರ ಅಡಿಗಳು, ಪಶ್ಚಿಮ ಮುಖದವಕ್ಕೆ ಸಮ ಸಂಖ್ಯೆಯವು. ನಡುವಿನ ಅಂತರ ಬರೀ 1,000 ಅಡಿ. ಲೆಗಸಿ ಸಲ್ಲಿಸಿದ್ದ ಹಾರಾಟದ ಯೋಜನೆಯಲ್ಲಿ ರಾಜಧಾನಿ ಬ್ರೆಸೀಲಿಯವರೆಗೆ 37,000 ಅಡಿ, ಅಲ್ಲಿ ದಾರಿ ವಾಯವ್ಯಕ್ಕೆ ತಿರುಗಿದ ಮೇಲೆ 36,000 ಅಡಿ ಎಂದಿತ್ತು. ಆದರೆ ಹೊರಡುವ ಮುನ್ನ ನಿಯಂತ್ರಣ ಕೇಂದ್ರ ಕೊಟ್ಟ ಅನುಮತಿಯಲ್ಲಿ ಆ ಹಾರಾಟದ ಕೊನೆಯ ನಿಲ್ದಾಣವಾದ ಮನೌಸ್‌ಗೆ ಹೇಳಿದ್ದ ಎತ್ತರ ಒಂದೇ: 37,000 ಅಡಿ. ನಡುದಾರಿಯಲ್ಲಿ ಇಳಿಯುವ ಪ್ರಸ್ತಾಪವೇ ಇರಲಿಲ್ಲ. ಸಲ್ಲಿಸಿದ ಯೋಜನೆ ಒಂದು ಕೋರಿಕೆ ಮಾತ್ರ, ಪೈಲಟ್ ಪಾಲಿಸಬೇಕಾದದ್ದು ಕೊನೆಯದಾಗಿ ಸಿಕ್ಕ ಅನುಮತಿ. ಆ ಲೆಕ್ಕದಲ್ಲಿ ಇಬ್ಬರು ಪೈಲಟ್‌ಗಳೂ ತಮಗೆ ಹೇಳಿದ ಎತ್ತರದಲ್ಲೇ ಹಾರಿದ್ದರು. ತಿರುವಿನ ನಂತರವೂ ಬೆಸ ಎತ್ತರದಲ್ಲಿದ್ದೇವಲ್ಲ ಎಂದು ಅವರು ಕೇಳಬಹುದಿತ್ತು, ಕೇಳಬೇಕಿತ್ತು. ಕೇಳದಿರುವುದು ಎಚ್ಚರಗೇಡಿತನ ನಿಜ, ಆಜ್ಞೆ ಮೀರಿದ್ದಲ್ಲ.

ಅವರ ಗಂಭೀರ ಲೋಪ ಇದ್ದದ್ದು ಬೇರೆ ಕಡೆ. ಬ್ರೆಸೀಲಿಯ ದಾಟಿದ ಕೆಲವೇ ನಿಮಿಷಗಳಲ್ಲಿ ಲೆಗಸಿಯ ಟ್ರಾನ್ಸ್‌ಪಾಂಡರ್ ಸ್ಟ್ಯಾಂಡ್‌ಬೈಗೆ ಹೋಯಿತು. ಬೇಕೆಂದೇ ಹಾಗೆ ಮಾಡಿದರೆನ್ನಲು ಪುರಾವೆ ಸಿಗಲಿಲ್ಲ. ವಿಮಾನದ ಎತ್ತರವನ್ನು ನೆಲದ ರಾಡಾರ್‌ಗೆ ತಿಳಿಸುವುದು ಈ ಉಪಕರಣವೇ, ಎದುರು ವಿಮಾನವನ್ನು ಗುರುತಿಸಿ ಎಚ್ಚರಿಸುವ ಟಿಕಾಸ್ ವ್ಯವಸ್ಥೆಗೂ ಇದೇ ಆಧಾರ. ಇದು ನಿಂತೊಡನೆ ಎರಡೂ ವಿಮಾನಗಳು ಒಂದಕ್ಕೊಂದು ಕುರುಡಾದವು. ಕಾಕ್‌ಪಿಟ್‌ನಲ್ಲಿ ಯಾವ ಗಂಟೆಯೂ ಬಾರಿಸಲಿಲ್ಲ, ಪರದೆಯ ಮೇಲೆ ಸಣ್ಣದೊಂದು ಸೂಚನೆ ಮೂಡಿತು, ಅಷ್ಟೆ. ಆ ಮಾದರಿಯ ವಿಮಾನಕ್ಕೆ ಹೊಸಬರಾಗಿದ್ದ ಪೈಲಟ್‌ಗಳು ಹೆಚ್ಚುಕಡಿಮೆ ಒಂದು ಗಂಟೆ ಅದನ್ನು ಗಮನಿಸಲಿಲ್ಲ. ಇದಕ್ಕೆ ಅವರು ಹೊಣೆಯೇ, ಅಮೆರಿಕದಲ್ಲಿ ಕೆಲವರು ಅವರನ್ನು ಪೂರ್ಣ ನಿರ್ದೋಷಿಗಳೆಂದು ಚಿತ್ರಿಸಿದ್ದು ಒಪ್ಪತಕ್ಕದ್ದಲ್ಲ.

ಆ ಒಂದು ಗಂಟೆ ನೆಲದ ಮೇಲೆ ನಡೆದದ್ದು ಇನ್ನೂ ಘೋರ. ಲೆಗಸಿ ಬ್ರೆಸೀಲಿಯ ತಲುಪುತ್ತಿದ್ದಂತೆ ನಿಯಂತ್ರಕರ ಪರದೆಯಲ್ಲಿ ಅದಕ್ಕೆ ನಿಗದಿಯಾದ ಎತ್ತರದ ಅಂಕಿ (ನೂರು ಅಡಿಗಳ ಲೆಕ್ಕದಲ್ಲಿ) 370ರಿಂದ 360ಕ್ಕೆ ತಾನಾಗಿ ಬದಲಾಯಿತು. ಯಾರೂ ಪೈಲಟ್‌ಗೆ ಇಳಿಯಲು ಹೇಳಿರಲಿಲ್ಲ, ಗಣಕ ಹಳೆಯ ಯೋಜನೆಯನ್ನು ಓದಿ ಬದಲಿಸಿತ್ತು. ಟ್ರಾನ್ಸ್‌ಪಾಂಡರ್ ನಿಂತ ಕುರುಹು ಕಾಣಿಸಿದರೂ ನಿಯಂತ್ರಕರು ಅದರ ಬೆನ್ನು ಹತ್ತಲಿಲ್ಲ. ಪಾಳಿ ಬದಲಾದಾಗ ವಿಮಾನ 36,000 ಅಡಿಯಲ್ಲಿದೆ ಎಂಬ ತಪ್ಪು ಮಾಹಿತಿಯೇ ಕೈದಾಟಿತು. ಮುಂದೆ ಎರಡೂ ಕಡೆಯವರು ರೇಡಿಯೊದಲ್ಲಿ ಮತ್ತೆಮತ್ತೆ ಕರೆದರೂ ಸಂಪರ್ಕ ಕೂಡಿಬರಲಿಲ್ಲ. ಇಷ್ಟೆಲ್ಲ ಕೊಂಡಿಗಳು ಕಳಚಿದ ಮೇಲೂ ಹೊಣೆಯನ್ನು ಪೈಲಟ್‌ಗಳ ತಲೆಗೆ ಕಟ್ಟುವುದು ಅನ್ಯಾಯ. ಸತ್ತವರ ಮನೆಯವರಿಗೂ ಅದು ಮೋಸ, ಏಕೆಂದರೆ ಅವರಿಗೆ ಸಿಗಬೇಕಾದದ್ದು ಪೂರ್ತಿ ಉತ್ತರ.

ತನಿಖೆಯೂ ದೇಶಾಭಿಮಾನದ ಜಗಳವಾಯಿತು. ಬ್ರೆಜಿಲ್ ವಾಯುಸೇನೆಯ ತನಿಖಾ ಸಂಸ್ಥೆ 2008ರ ವರದಿಯಲ್ಲಿ ಪೈಲಟ್‌ಗಳ ಮತ್ತು ನಿಯಂತ್ರಕರ ಲೋಪಗಳೆರಡನ್ನೂ ಹೇಳಿತು, ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಸಂಚಾರ ನಿಯಂತ್ರಣದ ವೈಫಲ್ಯವೇ ಮುಖ್ಯವೆಂದಿತು. ಬ್ರೆಜಿಲ್‌ನಲ್ಲಿ ನಿಯಂತ್ರಣ ವ್ಯವಸ್ಥೆ ನಡೆಸುವುದೂ ವಾಯುಸೇನೆಯೇ. ತನ್ನದೇ ಅಂಗದ ತಪ್ಪನ್ನು ತಾನೇ ಅಳೆಯುವ ಸಂಸ್ಥೆಯ ಮಾತಿಗೆ ಹೊರಗಿನವರು ಸುಲಭವಾಗಿ ತಲೆದೂಗುವುದಿಲ್ಲ. ಇನ್ನು ಕ್ರಿಮಿನಲ್ ಮೊಕದ್ದಮೆ. ಅಪಘಾತ ತನಿಖೆಯ ಉದ್ದೇಶ ಮುಂದಿನ ಅಪಘಾತ ತಡೆಯುವುದೇ ಹೊರತು ತಪ್ಪು ಹೊರಿಸುವುದಲ್ಲ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮವಿದೆ. ಬಾಯಿಬಿಟ್ಟರೆ ಜೈಲು ಎಂದಾದರೆ ಪೈಲಟ್ಟೂ ನಿಯಂತ್ರಕನೂ ಬಾಯಿ ಮುಚ್ಚಿಕೊಳ್ಳುತ್ತಾರೆ.

ತಪ್ಪು ಹೊರಿಸುವುದಕ್ಕಿಂತ ವ್ಯವಸ್ಥೆ ಸರಿಪಡಿಸುವುದು ಮುಖ್ಯ ಎಂದೇ ಭಾರತದ ಅನುಭವವೂ ಹೇಳುತ್ತದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿಯ ಬೋಯಿಂಗ್ 747 ಮತ್ತು ಕಜಾಕಿಸ್ತಾನದ ಇಲ್ಯೂಷಿನ್ ಡಿಕ್ಕಿಯಾಗಿ 349 ಮಂದಿ ಸತ್ತರು. ಅಲ್ಲಿ ಎತ್ತರ ತಪ್ಪಿದ್ದು ಪೈಲಟ್‌ಗಳೇ: 15,000 ಅಡಿಗೆ ಮಾತ್ರ ಅನುಮತಿಯಿದ್ದ ಕಜಾಕ್ ವಿಮಾನ ಅದರ ಕೆಳಗೆ ಇಳಿದಿತ್ತು. ಆದರೂ ದೆಹಲಿಗೆ ಬರುವ ಹೋಗುವ ವಿಮಾನಗಳಿಗೆಲ್ಲ ಒಂದೇ ದಾರಿ ಇದ್ದದ್ದನ್ನು ಆಮೇಲೆ ಬೇರ್ಪಡಿಸಲಾಯಿತು, ಟಿಕಾಸ್ ಕಡ್ಡಾಯವಾಯಿತು. ಅಮೆಜಾನ್ ದುರಂತದ ಬಳಿಕವೂ ಕಾಕ್‌ಪಿಟ್‌ಗೆ ನಿಜವಾಗಿ ಉಪಯೋಗಕ್ಕೆ ಬರುವಂಥ ಸಲಹೆ ಹುಟ್ಟಿದ್ದು ಕಟಕಟೆಯಲ್ಲಲ್ಲ. ಟಿಕಾಸ್ ನಿಂತರೆ ಪೈಲಟ್‌ಗಳ ಕಣ್ಣಿಗೆ ರಾಚುವ, ಕಿವಿಗೂ ಬೀಳುವ ಎಚ್ಚರಿಕೆ ಇರಲೇಬೇಕೆಂದು ಅಮೆರಿಕದ ಸುರಕ್ಷತಾ ಮಂಡಳಿ 2007ರಲ್ಲಿ, ಯಾವ ತೀರ್ಪಿಗೂ ಕಾಯದೆ, ತನ್ನ ದೇಶದ ವಿಮಾನಯಾನ ಆಡಳಿತಕ್ಕೆ ಶಿಫಾರಸು ಮಾಡಿತು.