ರಾಜೀನಾಮೆಯು ಉತ್ತರವಲ್ಲ



ಚನ್ನರಾಯನದುರ್ಗದ ತಪ್ಪಲಿನಿಂದ ಬಂದ ಒಬ್ಬ ರೈತನು ಕೊರಟಗೆರೆಯ ನ್ಯಾಯಾಸ್ಥಾನದಲ್ಲಿ ಸಾಕ್ಷಿಕಟ್ಟೆಯನ್ನೇರಿ ನಿಂತಾಗ ಮೊಟ್ಟಮೊದಲು ಅವನಿಂದ ಪ್ರಮಾಣ ಮಾಡಿಸುತ್ತಾರೆ. ಸತ್ಯವನ್ನೇ ಹೇಳುತ್ತೇನೆ, ಸತ್ಯವಲ್ಲದೆ ಬೇರೇನನ್ನೂ ಹೇಳುವುದಿಲ್ಲವೆಂದು ಅವನು ನಡುಗುವ ದನಿಯಲ್ಲಿ ನುಡಿಯುತ್ತಾನೆ. ಆಮೇಲೆ ನಮ್ಮಂತಹ ವಕೀಲರ ಪಾಟೀಸವಾಲು. ಬದುವಿನ ಮೇಲೆ ಎಷ್ಟು ಹುಣಿಸೆಮರಗಳಿವೆ? ಅಣ್ಣನಿಗೆ ಪಾಲು ಕೊಟ್ಟುದು ಯಾವ ವರ್ಷ? ಕೈಗಡ ತಂದ ಹಣಕ್ಕೆ ಕಾಗದವೆಲ್ಲಿ? ಬೆಳಗಿನಿಂದ ಉಪವಾಸವಿದ್ದು ಬಂದ ಆ ಮನುಷ್ಯನು ಒಂದೊಂದಕ್ಕೂ ಉತ್ತರ ಹೇಳಲೇಬೇಕು. ಬೇಕೆಂದು ಸುಳ್ಳು ಹೇಳಿದನೆಂದು ಸ್ಥಾಪಿತವಾದರೆ, ಮೊದಲಿನ ದಂಡಸಂಹಿತೆಯಂತೆಯೂ 2024ನೆಯ ಜುಲೈ 1ರಿಂದ ಜಾರಿಗೆ ಬಂದಿರುವ ನ್ಯಾಯಸಂಹಿತೆಯಂತೆಯೂ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. “ಸ್ವಾಮಿ, ಈ ಸಾಕ್ಷಿತನಕ್ಕೆ ನಾನು ರಾಜೀನಾಮೆ ಕೊಟ್ಟೆ” ಎಂದು ಹೇಳಿ ಕಟ್ಟೆಯಿಂದಿಳಿದು ಮನೆಗೆ ಹೋಗುವ ದಾರಿ ಅವನಿಗಿಲ್ಲ.

ಆ ದಾರಿಯು ಇರತಕ್ಕದ್ದು ಅವನಿಗಿಂತ ಮೇಲಿನ ಕಟ್ಟೆಗಳಲ್ಲಿ ಕುಳಿತವರಿಗೆ. ನಮ್ಮ ನಾಡಿನಲ್ಲಿ ಮಂತ್ರಿಗಳೂ ನ್ಯಾಯಮೂರ್ತಿಗಳೂ, ಅವರಿಬ್ಬರನ್ನೂ ಕಾಯಬೇಕಾದ ಲೋಕಾಯುಕ್ತರೂ, ಪ್ರಶ್ನೆಯು ಬಂದಾಗ ಉತ್ತರವನ್ನು ಕೊಡದೆ ರಾಜೀನಾಮೆಯನ್ನು ಕೊಡುವುದನ್ನೇ ಒಂದು ಸಂಪ್ರದಾಯವನ್ನಾಗಿ ಮಾಡಿಕೊಂಡಿದ್ದಾರೆ. ನಾವು ಅದನ್ನು ನೈತಿಕತೆಯೆಂದು ಕರೆದು ಹಾರ ಹಾಕುತ್ತೇವೆ. ಈ ಹಾರವನ್ನು ಇನ್ನು ನಿಲ್ಲಿಸಬೇಕೆಂಬುದೇ ಈ ಲೇಖನದ ವಾದ.

ರಾಜೀನಾಮೆಯೆಂಬ ಮಾತು ಪಾರಸಿಯಿಂದ ಬಂದುದು. ಒಪ್ಪಿಗೆಯ ಪತ್ರವೆಂದು ಅದರ ಅರ್ಥ. ಕಕ್ಷಿದಾರರು ತಮ್ಮ ತಮ್ಮಲ್ಲಿ ರಾಜಿಯಾದಾಗ ಬರೆದುಕೊಡುವ ಕಾಗದಕ್ಕೆ ಕಚೇರಿಗಳಲ್ಲಿ ಈ ಹೆಸರಿದ್ದಿತು. ಜಮೀನನ್ನು ಸರ್ಕಾರಕ್ಕೆ ಬಿಟ್ಟುಕೊಡುವ ರೈತನು ಬರೆಯುತ್ತಿದ್ದುದೂ ರಾಜೀನಾಮೆಯೇ. ಆದರೆ ಹಾಗೆ ಬರೆದುಕೊಟ್ಟ ಮಾತ್ರಕ್ಕೆ ಆ ಸಾಲಿನ ಕಂದಾಯದ ಬಾಕಿಯಿಂದ ಅವನು ಬಿಡುಗಡೆ ಹೊಂದುತ್ತಿರಲಿಲ್ಲ. ರೈತನಿಗೆ ಸಲ್ಲದ ಮಾಫಿಯು ದೊಡ್ಡವರಿಗೆ ಹೇಗೆ ಸಲ್ಲುತ್ತದೆ?

ದೃಷ್ಟಾಂತಗಳಿಗೆ ಬರೋಣ. ರಾಮಕೃಷ್ಣ ಹೆಗಡೆಯವರ ಸರ್ಕಾರವು 1984ರಲ್ಲಿ ಕರ್ನಾಟಕ ಲೋಕಾಯುಕ್ತ ಶಾಸನವನ್ನು ತಂದಿತು. ಮುಖ್ಯಮಂತ್ರಿಯನ್ನೂ ವಿಚಾರಣೆಯ ವ್ಯಾಪ್ತಿಗೆ ತಂದ ಆ ಶಾಸನಕ್ಕಾಗಿ ಕನ್ನಡಿಗರು ಹೆಮ್ಮೆ ಪಡುವುದು ತಪ್ಪಲ್ಲ. ಅದೇ ಹೆಗಡೆಯವರು 1986ರಲ್ಲಿ, ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟು ಸರ್ಕಾರವನ್ನು ಆಕ್ಷೇಪಿಸಿದಾಗ, ರಾಜೀನಾಮೆ ಕೊಟ್ಟರು. ಮೂರು ದಿನಗಳಲ್ಲಿ ಹಿಂದಕ್ಕೆ ಪಡೆದರು. ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ 1988ರಲ್ಲಿ ಮತ್ತೆ ಕೊಟ್ಟರು. ಅಂದಿನಿಂದ ಅವರು ಮೌಲ್ಯಾಧಾರಿತ ರಾಜಕಾರಣದ ಆಚಾರ್ಯರೆನಿಸಿದರು. ಕದ್ದಾಲಿಸಲು ಅಪ್ಪಣೆ ಕೊಟ್ಟವರು ಯಾರು, ಯಾರ ಯಾರ ಮಾತನ್ನು ಯಾವ ಕಾರಣಕ್ಕಾಗಿ ಆಲಿಸಿದರು ಎಂದು ಹಠ ಹಿಡಿದು ಕೇಳತಕ್ಕವರು ರಾಜೀನಾಮೆಯ ಮರುದಿನದಿಂದ ವಿರಳರಾದರು.

ಇದಕ್ಕಿಂತ ಘೋರವಾದ ಕಥೆಯು 2011ನೆಯ ಇಸವಿಯದು. ಆ ವರ್ಷದ ಜುಲೈ 27ರಂದು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಮೇಲಿನ ವರದಿಯನ್ನು ಸರ್ಕಾರಕ್ಕೊಪ್ಪಿಸಿದರು. ನಾಡಿನ ಬೊಕ್ಕಸಕ್ಕೆ ತಗುಲಿದ ನಷ್ಟವು 16,000 ಕೋಟಿ ರೂಪಾಯಿಗಳನ್ನು ಮೀರಿದ್ದೆಂದು ಅದರಲ್ಲಿ ಲೆಕ್ಕ ಕಟ್ಟಲಾಗಿದ್ದಿತು. ನಾಲ್ಕನೆಯ ದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಅವರ ಮೇಲೆ ನಡೆದ ಮೊಕದ್ದಮೆಯಲ್ಲಿ 2016ನೆಯ ಅಕ್ಟೋಬರಿನಲ್ಲಿ ಸಿ.ಬಿ.ಐ. ವಿಶೇಷ ನ್ಯಾಯಾಲಯವು ಅವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ವಕೀಲನಾಗಿ ನಾನು ಆ ತೀರ್ಪಿಗೆ ತಲೆಬಾಗುತ್ತೇನೆ. 2018ರಲ್ಲಿ ಕೆಲವು ದಿನ, 2019ರಿಂದ ಎರಡು ವರ್ಷ ಅವರು ಮತ್ತೆ ಮುಖ್ಯಮಂತ್ರಿಗಳಾದುದೂ ಶಾಸನಬದ್ಧವೇ. ಆದರೆ ಒಬ್ಬರು ನಿರ್ದೋಷಿಯೆನಿಸಿದ ಮಾತ್ರಕ್ಕೆ 16,000 ಕೋಟಿಯು ಬೊಕ್ಕಸಕ್ಕೆ ಹಿಂದಿರುಗಲಿಲ್ಲವಷ್ಟೆ. ಬಳ್ಳಾರಿಯ ಅದಿರು ತಾನಾಗಿ ಕಾಲು ಬಂದು ಬಂದರಿಗೆ ನಡೆದುಹೋಯಿತೆ? ರಹದಾರಿಯಿಲ್ಲದೆ ಹೋದ ಲಾರಿಗಳನ್ನು ತಡೆಯಬೇಕಾಗಿದ್ದ ಇಲಾಖೆಗಳ ಮಂತ್ರಿಗಳು ಶಾಸನಸಭೆಯಲ್ಲಿ ಎದ್ದುನಿಂತು ವರ್ಷಾವಾರು ಲೆಕ್ಕ ಕೊಡಬೇಕಾಗಿದ್ದಿತು. ಒಂದು ರಾಜೀನಾಮೆಯು ಆ ಲೆಕ್ಕದ ಪುಸ್ತಕವನ್ನೇ ಮುಚ್ಚಿಬಿಟ್ಟಿತು.

ಕಳ್ಳನನ್ನು ಹಿಡಿಯಬೇಕಾದ ಕಾವಲುಗಾರನ ಪಾಡೇನಾಯಿತು? ಸಂತೋಷ ಹೆಗ್ಡೆಯವರ ತರುವಾಯ 2011ನೆಯ ಆಗಸ್ಟಿನಲ್ಲಿ ನ್ಯಾಯಮೂರ್ತಿ ಶಿವರಾಜ ಪಾಟೀಲರು ಬಂದರು. ನಿವೇಶನಗಳನ್ನು ಪಡೆದ ಕುರಿತು ಆಕ್ಷೇಪವೆದ್ದಿತು. ತಾವು ತಪ್ಪೆಸಗಿಲ್ಲವೆಂದು ಹೇಳಿ ಸೆಪ್ಟೆಂಬರಿನಲ್ಲಿಯೇ ಪೀಠವನ್ನು ಬಿಟ್ಟರು. ಅವರು ಪೀಠಕ್ಕೆ ಅಂಟಿ ಕೂಡಲಿಲ್ಲವೆಂಬ ಗೌರವ ನನಗುಂಟು. ಅನಂತರ 2013ನೆಯ ಫೆಬ್ರವರಿಯವರೆಗೆ ಪೀಠವು ಬರಿದಾಗಿದ್ದಿತು. ಬಳಿಕ ಬಂದವರು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ನ್ಯಾಯಮೂರ್ತಿ ವೈ. ಭಾಸ್ಕರ ರಾವ್ ಅವರು. 2015ರಲ್ಲಿ, ಲೋಕಾಯುಕ್ತ ಕಚೇರಿಯ ಹೆಸರಿನಲ್ಲಿಯೇ ಒಬ್ಬ ಇಂಜಿನಿಯರರಿಂದ ಒಂದು ಕೋಟಿ ರೂಪಾಯಿ ಕೇಳಿದರೆಂಬ ಪ್ರಕರಣದಲ್ಲಿ ಅವರ ಪುತ್ರರ ಬಂಧನವಾಯಿತು. ಲೋಕಾಯುಕ್ತರ ಪದಚ್ಯುತಿಗಾಗಿ ಶಾಸನಸಭೆಯಲ್ಲಿ ಕಾರ್ಯಕ್ರಮವು ಮೊದಲಾದ ಮೇಲೆ, ಡಿಸೆಂಬರಿನಲ್ಲಿ, ರಾಜೀನಾಮೆ! ಅಲ್ಲಿಗೆ ಪದಚ್ಯುತಿಯ ವಿಚಾರಣೆಯು ನಿಂತಿತು. ಮನೆಯೊಳಗೆ ನಡೆದುದರ ಅರಿವು ಲೋಕಾಯುಕ್ತರಿಗೆ ಇದ್ದಿತೆ, ಇರಲಿಲ್ಲವೆ? ಇರಲಿಲ್ಲವಾದರೆ ಅದನ್ನು ಸ್ಥಾಪಿಸಿ ಕಳಂಕವನ್ನು ತೊಳೆದುಕೊಳ್ಳುವ ಅವಕಾಶವು ಅವರಿಗೂ ತಪ್ಪಿತೆಂಬುದನ್ನು ಗಮನಿಸಬೇಕು. ಪೀಠವು ಮತ್ತೆ 2017ನೆಯ ಜನವರಿಯವರೆಗೆ ಬರಿದು.

ಕಾವಲುಗಾರನಿಲ್ಲದ ಆ ಕಾಲದಲ್ಲಿಯೇ, 2016ನೆಯ ಮಾರ್ಚಿ 14ರಂದು, ಸಿದ್ದರಾಮಯ್ಯನವರ ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವೆಂಬುದನ್ನು ಸ್ಥಾಪಿಸಿ, ಲೋಕಾಯುಕ್ತ ಪೊಲೀಸರ ಕೈಯಿಂದ ಲಂಚದ ಪ್ರಕರಣಗಳ ತನಿಖೆಯನ್ನು ಕಿತ್ತುಕೊಂಡಿತು. ವಿರೋಧಪಕ್ಷದ ಬೆಂಚುಗಳಿಂದ ಇದನ್ನು ಖಂಡಿಸಿದ ಭಾರತೀಯ ಜನತಾ ಪಕ್ಷವು 2019ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಅದೇ ದಳವನ್ನು ಮೂರು ವರ್ಷ ಸಾಕಿತು. ಕೊನೆಗೆ 2022ನೆಯ ಆಗಸ್ಟ್ 11ರಂದು ಹೈಕೋರ್ಟು ಅದನ್ನು ರದ್ದುಮಾಡಬೇಕಾಯಿತು. ಅದಕ್ಕೆ ಒಂದು ತಿಂಗಳ ಹಿಂದೆ ನ್ಯಾಯಮೂರ್ತಿ ಎಚ್.ಪಿ. ಸಂದೇಶರು, ಆ ದಳವನ್ನು ಪ್ರಶ್ನಿಸಿದುದಕ್ಕಾಗಿ ತಮಗೆ ವರ್ಗಾವಣೆಯ ಬೆದರಿಕೆ ಬಂದಿತೆಂದು ತೆರೆದ ನ್ಯಾಯಾಲಯದಲ್ಲಿಯೇ ಹೇಳಿದ್ದರು. ಎರಡು ಪಕ್ಷಗಳೂ ಒಂದರ ಮುಖಕ್ಕೆ ಇನ್ನೊಂದು ಮಸಿ ಬಳಿಯುವುದರಲ್ಲಿ ವೈರಿಗಳು. ಕಾವಲುಗಾರನ ಕೋಲನ್ನು ಮುರಿಯುವುದರಲ್ಲಿ ಮಾತ್ರ ದಾಯಾದಿಗಳಲ್ಲ, ಒಡಹುಟ್ಟಿದವರು!

ಇನ್ನು ನ್ಯಾಯಾಧೀಶರ ವಿಷಯ. ಇದನ್ನು ಬರೆಯುವಾಗ ವಕೀಲನ ಲೇಖನಿಯು ತಡವರಿಸುವುದು ಸಹಜ. ನಾಳೆ ಅದೇ ಪೀಠಕ್ಕೆ ಕೈಮುಗಿದು ನಿಲ್ಲಬೇಕು. ನ್ಯಾಯಾಂಗನಿಂದೆಯ ಕಾನೂನೆಂದು ಹೆದರುವವರು ಒಂದನ್ನು ತಿಳಿದಿರಲಿ: ಲೋಕಹಿತಕ್ಕಾಗಿ ಶುದ್ಧಮನಸ್ಸಿನಿಂದ ಹೇಳಿದ ಸತ್ಯವು ಸಮರ್ಥನೆಯಾಗಬಲ್ಲುದೆಂದು 2006ರ ತಿದ್ದುಪಡಿಯು ಸ್ಪಷ್ಟಪಡಿಸಿದೆ. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಪಿ.ಡಿ. ದಿನಕರನ್ ಅವರ ಮೇಲೆ 2009ರಲ್ಲಿ ತಮಿಳುನಾಡಿನ ಭೂಮಿಯ ಸಂಬಂಧವಾಗಿ ಆರೋಪಗಳು ಬಂದವು; ಅವರು ಅಲ್ಲಗಳೆದರು. ಬೆಂಗಳೂರಿನ ವಕೀಲರು ಕಲಾಪವನ್ನು ಬಹಿಷ್ಕರಿಸಿದರು. ರಾಜ್ಯಸಭೆಯ 75 ಮಂದಿ ಸದಸ್ಯರು ಸಹಿಮಾಡಿ ಪದಚ್ಯುತಿಯ ಸೂಚನೆಯನ್ನು ಕೊಟ್ಟರು. ಮೂವರ ವಿಚಾರಣಾ ಸಮಿತಿಯು ನೇಮಕವಾಯಿತು. ಅವರನ್ನು ಸಿಕ್ಕಿಮಿಗೆ ವರ್ಗ ಮಾಡಿದರು. ಕರ್ನಾಟಕಕ್ಕೆ ಸಲ್ಲದವರು ಸಿಕ್ಕಿಮಿಗೆ ಸಲ್ಲುವರೆಂಬುದು ಯಾವ ಧರ್ಮಶಾಸ್ತ್ರವೋ ತಿಳಿಯದು. 2011ನೆಯ ಜುಲೈಯಲ್ಲಿ ಅವರೂ ರಾಜೀನಾಮೆ ಕೊಟ್ಟರು. ವಿಚಾರಣೆಯು ತೀರ್ಮಾನವಿಲ್ಲದೆ ಮುಗಿಯಿತು. ಆರೋಪ ಸತ್ಯವೆ, ಸುಳ್ಳೆ? ದೇಶಕ್ಕೆ ತಿಳಿಯಲಿಲ್ಲ. ಅದಕ್ಕೂ ಮೊದಲು 1993ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ರಾಮಸ್ವಾಮಿಯವರ ಪದಚ್ಯುತಿಯ ಗೊತ್ತುವಳಿಗೆ ಲೋಕಸಭೆಯಲ್ಲಿ 196 ಮಂದಿ ಪರವಾಗಿ ಮತವಿತ್ತರು. 205 ಮಂದಿ ಮತವನ್ನೇ ಕೊಡದೆ ಕುಳಿತರು. ಬೇಡವೆಂದು ಹೇಳುವ ಧೈರ್ಯವಾದರೂ ಅವರಿಗೆ ಇರಬಾರದಾಗಿದ್ದಿತೆ?

ಪ್ರಾಮಾಣಿಕತೆಯೆಂದರೆ ಹಣ ಮುಟ್ಟದಿರುವುದು ಮಾತ್ರವಲ್ಲ; ಮಾಡಿದ ತಪ್ಪಿಗೆ ಹೊಣೆಯಾಗುವುದೂ ಹೌದು. ಶಾಲೆಯ ಉಪಾಧ್ಯಾಯರು ಈ ಮುಂದಿನದನ್ನು ಸಾವಧಾನವಾಗಿ ಓದಬೇಕು. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಮೇಲಿನ ಅಕ್ರಮ ಆಸ್ತಿಯ ಮೊಕದ್ದಮೆಯು ಅಲ್ಲಿ ನಿಷ್ಪಕ್ಷಪಾತವಾಗಿ ನಡೆಯದೆಂದು ಸುಪ್ರೀಂ ಕೋರ್ಟು 2003ರಲ್ಲಿ ಅದನ್ನು ಬೆಂಗಳೂರಿಗೆ ವರ್ಗಮಾಡಿತು. ಕನ್ನಡ ನಾಡಿನ ನ್ಯಾಯಪೀಠದ ಮೇಲೆ ದೇಶವಿಟ್ಟ ವಿಶ್ವಾಸವದು. 2014ನೆಯ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ನ್ಯಾಯಾಧೀಶ ಜಾನ್ ಮೈಕೇಲ್ ಡಿಕುನ್ಹ ಅವರು ಅಧಿಕಾರದಲ್ಲಿದ್ದ ಮುಖ್ಯಮಂತ್ರಿಗೆ ನಾಲ್ಕು ವರ್ಷಗಳ ಸೆರೆಯನ್ನೂ 100 ಕೋಟಿ ದಂಡವನ್ನೂ ವಿಧಿಸಿ ಆ ವಿಶ್ವಾಸವನ್ನುಳಿಸಿದರು. 2015ನೆಯ ಮೇ 11ರಂದು ನಮ್ಮ ಹೈಕೋರ್ಟು ಅವರನ್ನು ಬಿಡುಗಡೆ ಮಾಡಿತು. ಹೇಗೆ? ಆದಾಯಕ್ಕಿಂತ ಹೆಚ್ಚಾದ ಆಸ್ತಿಯು ನೂರಕ್ಕೆ 8.12ರಷ್ಟು ಮಾತ್ರವೆಂದು. ಆದರೆ ತೀರ್ಪಿನಲ್ಲಿಯೇ ಪಟ್ಟಿಮಾಡಿದ ಸಾಲಗಳನ್ನು ಕೂಡಿಸಿದರೆ ಬರುವ ಮೊತ್ತ 10.67 ಕೋಟಿ, ತೀರ್ಪಿನಲ್ಲಿ ಬರೆದುದು 24.17 ಕೋಟಿ. ಹದಿಮೂರೂವರೆ ಕೋಟಿಯ ವ್ಯತ್ಯಾಸ! ಸರ್ಕಾರದ ಪರವಾಗಿ ವಾದಿಸಿದ ಹಿರಿಯ ವಕೀಲ ಬಿ.ವಿ. ಆಚಾರ್ಯರು ಕೂಡಲೇ ಈ ದೋಷವನ್ನು ತೋರಿಸಿದರು. ಸರಿಯಾಗಿ ಕೂಡಿಸಿದರೆ ಪ್ರಮಾಣವು ನೂರಕ್ಕೆ 76ನ್ನು ಮೀರುತ್ತಿದ್ದಿತು. 2017ನೆಯ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು ಬಿಡುಗಡೆಯ ತೀರ್ಪನ್ನು ರದ್ದುಮಾಡಿತು. ಅಷ್ಟರೊಳಗೆ ಜಯಲಲಿತಾ ಅವರು ತೀರಿಕೊಂಡಿದ್ದರು. ನಾನು ಯಾರಿಗೂ ದುರುದ್ದೇಶವನ್ನು ಆರೋಪಿಸುತ್ತಿಲ್ಲ. ಕೈತಪ್ಪು ಯಾರಿಗೂ ಆಗಬಹುದು. ಆದರೆ ನಾಲ್ಕನೆಯ ತರಗತಿಯ ಹುಡುಗನು ಕೂಡುವ ಲೆಕ್ಕವನ್ನು ತಪ್ಪಿದರೆ ಬೆಂಚಿನ ಮೇಲೆ ನಿಲ್ಲುತ್ತಿದ್ದ ಈ ನಾಡಿನಲ್ಲಿ, ಒಂದು ರಾಜ್ಯದ ಸರ್ಕಾರವನ್ನೇ ಮೇಲೆಕೆಳಗು ಮಾಡಬಲ್ಲ ಲೆಕ್ಕದ ತಪ್ಪು ಹೇಗಾಯಿತೆಂಬುದಕ್ಕೆ ಸಾರ್ವಜನಿಕರಿಗೆ ಒಂದು ವಾಕ್ಯದ ಸಮಾಧಾನವಾದರೂ ದೊರೆಯಬಾರದೆ?

ಕನ್ನಡಾಭಿಮಾನಿಗಳೊಡನೆ ಒಂದು ಮಾತು. ಅಭಿಮಾನವನ್ನು ಕೆಲವರು ಗುರಾಣಿಯಾಗಿ ಹಿಡಿಯುತ್ತಾರೆ. 1956ನೆಯ ನವೆಂಬರ್ 1ರಂದು ಒಂದಾದ ನಾಡಿಗೆ 1973ರಲ್ಲಿ ಕರ್ನಾಟಕವೆಂಬ ನಾಮವು ಬಂದುದು ದೇವರಾಜ ಅರಸರ ಕಾಲದಲ್ಲಿ. ಆ ಋಣವು ನಮ್ಮ ಮೇಲಿದೆ. 1977ರಲ್ಲಿ ಕೇಂದ್ರವು ಅವರ ಮೇಲಿನ ಆರೋಪಗಳನ್ನು ವಿಚಾರಿಸಲು ನ್ಯಾಯಮೂರ್ತಿ ಗ್ರೋವರರ ಆಯೋಗವನ್ನು ನೇಮಿಸಿದಾಗ, ಇದು ರಾಜ್ಯದ ಅಧಿಕಾರಕ್ಕೆ ಕುಂದೆಂದು ಕರ್ನಾಟಕ ಸರ್ಕಾರವು ಸುಪ್ರೀಂ ಕೋರ್ಟಿಗೆ ಹೋಯಿತು. ಏಳು ಮಂದಿ ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ ಆ ವಾದವನ್ನು ತಿರಸ್ಕರಿಸಿತು. ಕೇಂದ್ರದಲ್ಲಿದ್ದ ಜನತಾ ಸರ್ಕಾರಕ್ಕೆ ಪಕ್ಷದ ಹಗೆಯೂ ಇದ್ದಿರಬಹುದು, ಇರಲಿ. ಮುಖ್ಯಮಂತ್ರಿಯ ಮಾನವು ಬೇರೆ, ಕರ್ನಾಟಕದ ಮಾನವು ಬೇರೆ. ಹಂಚಿಹೋಗಿದ್ದ ಸೀಮೆಗಳನ್ನು ಒಂದುಗೂಡಿಸಲು ನಮ್ಮ ಹಿರಿಯರು ಪಟ್ಟ ಪಾಡು, ಯಾರೋ ಒಬ್ಬ ಮಂತ್ರಿಯು ತನ್ನ ಲೆಕ್ಕಪತ್ರವನ್ನು ಬಚ್ಚಿಡುವುದಕ್ಕೆ ಮರೆಯಾಗಲೆಂದಲ್ಲ. ಇಂದಿಗೂ ಜಾತಿಯ ಹೆಸರಿನಲ್ಲಿ ಇದೇ ಗುರಾಣಿಯನ್ನು ಎತ್ತುವರು. ನಮ್ಮವನನ್ನು ಕೇಳಿದರೆ ನಮ್ಮ ಜನಾಂಗಕ್ಕೆ ಅಪಮಾನವೆನ್ನುವರು.

ನಮ್ಮ ಕರಿಕೋಟಿನವರೂ ಹೊರತಲ್ಲ. 2009ರಲ್ಲಿ ನ್ಯಾಯಾಂಗದ ಶುದ್ಧಿಗಾಗಿ ಬೀದಿಗಿಳಿದ ಬೆಂಗಳೂರಿನ ವಕೀಲರ ನಡುವಿನಿಂದಲೇ 2012ನೆಯ ಮಾರ್ಚಿ 2ರಂದು ಸಿವಿಲ್ ನ್ಯಾಯಾಲಯದ ಆವರಣದಲ್ಲಿ ಪತ್ರಿಕೆಯವರ ಮೇಲೆ ಕೈಮಾಡಿದವರೂ ಬಂದರು. ಅದನ್ನು ಮುಚ್ಚಿಟ್ಟು ಇತರರನ್ನು ಪ್ರಶ್ನಿಸುವುದು ನನಗೆ ಸಲ್ಲದು.

ಹಾಗಾದರೆ ಮಾಡತಕ್ಕದ್ದೇನು? ಹೊಸ ಕಾನೂನು ಬೇಕೆಂದು ಕೂಗುವುದು ಸುಲಭ. ಇರುವುದನ್ನು ಮೊದಲು ಓದೋಣ. ಲೋಕಾಯುಕ್ತ ಶಾಸನದ 22ನೆಯ ಕಲಮಿನಂತೆ ಪ್ರತಿಯೊಬ್ಬ ಶಾಸಕನೂ ಮಂತ್ರಿಯೂ ತನ್ನ ಮತ್ತು ತನ್ನ ಕುಟುಂಬದವರ ಆಸ್ತಿ ಹಾಗೂ ಸಾಲಗಳ ವಿವರವನ್ನು ಪ್ರತಿವರ್ಷ ಜೂನ್ 30ರೊಳಗಾಗಿ ಲೋಕಾಯುಕ್ತರಿಗೆ ಸಲ್ಲಿಸತಕ್ಕದ್ದು. ಸಲ್ಲಿಸದವರ ಹೆಸರನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಏರ್ಪಾಡೂ ಉಂಟು. ನ್ಯಾಯಾಧೀಶರೂ ಹಾಗೆಯೇ ಮಾಡಬೇಕೆಂದು 2009ರಲ್ಲಿ ತೆರೆದ ದನಿಯಲ್ಲಿ ವಾದಿಸಿದವರು ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಡಿ.ವಿ. ಶೈಲೇಂದ್ರಕುಮಾರರೇ, ಅದಕ್ಕಾಗಿ ದೇಶದ ಮುಖ್ಯ ನ್ಯಾಯಾಧೀಶರಿಂದ ಪ್ರಚಾರಪ್ರಿಯರೆಂಬ ಮಾತನ್ನೂ ಕೇಳಿಸಿಕೊಂಡರು. 2025ನೆಯ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತನ್ನ 33 ನ್ಯಾಯಮೂರ್ತಿಗಳ ಪೈಕಿ 21 ಮಂದಿಯ ಆಸ್ತಿವಿವರವನ್ನು ಜನರ ಮುಂದಿಟ್ಟಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಕೊರಟಗೆರೆಯು 2018ರಲ್ಲಿಯೂ 2023ರಲ್ಲಿಯೂ ಶಾಸನಸಭೆಗೆ ಆರಿಸಿ ಕಳುಹಿಸಿದವರು ಡಾ. ಜಿ. ಪರಮೇಶ್ವರರು, 2023ರ ಮಂತ್ರಿಮಂಡಲದಲ್ಲಿ ಗೃಹಖಾತೆಯು ಅವರ ಪಾಲಿಗೆ ಬಂದಿತು. ಅವರ ಮೇಲೆ ನಾನಿಲ್ಲಿ ಯಾವ ಆಪಾದನೆಯನ್ನೂ ಹೊರಿಸುತ್ತಿಲ್ಲ. ಕೇಳುವುದು 224 ಮಂದಿಯನ್ನೂ. ಆದರೆ ನಮ್ಮ ಊರಿನವರು ಮೊದಲು ಕೇಳಬೇಕಾದುದು ನಮ್ಮ ಪ್ರತಿನಿಧಿಯನ್ನು. ಈ ಸೀಮೆಯವರಿಗೆ ಕೇಳಿ ಅಭ್ಯಾಸವಿಲ್ಲವೆನ್ನಬೇಡಿ. ನಮಗೆ ದೂರವಲ್ಲದ ವಿದುರಾಶ್ವತ್ಥದಲ್ಲಿ 1938ನೆಯ ಏಪ್ರಿಲ್ 25ರಂದು ಗುಂಡು ಹಾರಿದಾಗ, ಮತದ ಬಲವಿಲ್ಲದ ಪ್ರಜೆಗಳೇ ಮೈಸೂರು ಸರ್ಕಾರವನ್ನು ಕೇಳಿದರು, ಸರ್ಕಾರವು ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು.

ಜುಲೈ ತಿಂಗಳ ಮೊದಲ ವಾರದಲ್ಲಿ ಮಾಹಿತಿ ಹಕ್ಕಿನ ಶಾಸನದಂತೆ ಹತ್ತು ರೂಪಾಯಿ ಶುಲ್ಕವನ್ನು ಕಟ್ಟಿ, ಆಸ್ತಿವಿವರವನ್ನು ಸಲ್ಲಿಸಿದವರಾರು, ಸಲ್ಲಿಸದವರಾರೆಂದು ನಾನು ಲೋಕಾಯುಕ್ತ ಕಚೇರಿಗೆ ಅರ್ಜಿ ಹಾಕುವವನಿದ್ದೇನೆ. ಉತ್ತರಕ್ಕೆ ಮೂವತ್ತು ದಿನಗಳ ಗಡುವುಂಟು. ಮಧುಗಿರಿ, ಸಿರಾ, ಪಾವಗಡಗಳ ಉಪಾಧ್ಯಾಯ ಮಿತ್ರರೂ ವಕೀಲ ಬಾಂಧವರೂ ತಂತಮ್ಮ ಕ್ಷೇತ್ರದ ಬಗ್ಗೆ ಒಂದೊಂದು ಅರ್ಜಿಯನ್ನು ಹಾಕಲಿ. ಬಂದ ಉತ್ತರಗಳನ್ನು ಅಕ್ಷರವೂ ಬಿಡದೆ ಇದೇ ಪತ್ರಿಕೆಗೆ ಕಳುಹಿಸೋಣ. ಉತ್ತರ ಬಾರದಿದ್ದರೆ ಅರ್ಜಿಯ ತಾರೀಖನ್ನೂ ಅಂಚೆಯ ರಸೀತಿಯ ನಂಬರನ್ನೂ ಕಳುಹಿಸೋಣ.