ಒಲೆಯ ಮುಂದಿನ ಅಕ್ಷರಾಭ್ಯಾಸ

ಆತ್ಮಚರಿತ್ರೆಯೆಂಬುದು ಲೋಕವ್ಯಾಪಾರದಲ್ಲಿ ಹೆಸರು ಪಡೆದ ಪುರುಷನು ತಾನು ಏರಿಬಂದ ಮೆಟ್ಟಿಲುಗಳನ್ನು ಹಿಂದಿರುಗಿ ನೋಡಿ ಬರೆದಿಡುವ ಗ್ರಂಥವೆಂಬ ಭಾವನೆ ವಿದ್ವಾಂಸರಲ್ಲಿ ಬಹುಕಾಲ ಬೇರೂರಿದ್ದಿತು. ಫ್ರಾನ್ಸಿನ ಜಾರ್ಜ್ ಗುಸ್ದೋರ್ಫ್ 1956ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೂ, ತನ್ನನ್ನು ಸಮುದಾಯದಿಂದ ಬೇರೆಯಾದ ವ್ಯಕ್ತಿಯೆಂದು ಅರಿತವನಲ್ಲಿಯೇ ಈ ಪ್ರಕಾರವು ಜನಿಸುವುದೆಂದು ವಾದಿಸಿತು. ಸ್ತ್ರೀವಾದಿ ವಿಮರ್ಶಕಿಯರು ಇದನ್ನೊಪ್ಪಲಿಲ್ಲ. ಮಕ್ಕಳು, ಅತ್ತೆಮನೆ, ಒಲೆ, ದೇವರು ಇವುಗಳ ನಡುವೆಯೇ ರೂಪುಗೊಂಡ ಜೀವಕ್ಕೆ ಚರಿತ್ರೆಯೇ ಇಲ್ಲವೆನ್ನುವುದು ಎಂತಹ ಅನ್ಯಾಯವೆಂಬುದನ್ನು ಬಂಗಾಳದ ರಾಸಸುಂದರೀ ದೇವಿಯ ‘ಆಮಾರ್ ಜೀಬನ್’ ಓದಿದವರು ಬಲ್ಲರು.

12ನೆಯ ವಯಸ್ಸಿನಲ್ಲಿ ಫರೀದ್‌ಪುರದ ಕಡೆಯ ರಾಮ್‌ದಿಯಾ ಗ್ರಾಮಕ್ಕೆ ಸೊಸೆಯಾಗಿ ಬಂದು, ತುಂಬಿದ ಮನೆಯ ಅಡಿಗೆಯ ಹೊರೆಯನ್ನು ಹೊತ್ತು, 12 ಮಕ್ಕಳನ್ನು ಹೆತ್ತ ಈ ಗೃಹಿಣಿಗೆ, ಓದು ಕಲಿತ ಹೆಣ್ಣು ವಿಧವೆಯಾಗುವಳೆಂಬ ಭೀತಿ ಹರಡಿದ್ದ ಕಾಲದಲ್ಲಿ, ‘ಚೈತನ್ಯ ಭಾಗವತ’ವನ್ನು ತಾನೇ ಓದಬೇಕೆಂಬ ಹಂಬಲ ಹುಟ್ಟಿತು. ಆ ಗ್ರಂಥದಿಂದ ಒಂದು ಹಾಳೆಯನ್ನು ಕಳಚಿಕೊಂಡು, ಮಗನು ಅಕ್ಷರ ಬರೆದಿದ್ದ ತಾಳೆಗರಿಯನ್ನೂ ಅಡಗಿಸಿಟ್ಟುಕೊಂಡು, ಬೇಯಿಸುತ್ತಿರುವಾಗಲೇ ಸೆರಗಿನ ಮರೆಯಿಂದ ಒಂದನ್ನೊಂದಕ್ಕೆ ಹೋಲಿಸುತ್ತ, ತವರಿನ ಪಾಠಶಾಲೆಯಲ್ಲಿ ಬಾಲ್ಯದಲ್ಲಿ ಕಿವಿಗೆ ಬಿದ್ದಿದ್ದ ಧ್ವನಿಗಳನ್ನು ನೆನಪಿನಿಂದ ಕರೆದು ತಂದು, ಆಕೆ ಓದುವುದನ್ನು ಕಲಿತಳು. ಕಣ್ಣಿಟ್ಟು ನೋಡುವವರು ಮನೆಯ ತುಂಬ ಇದ್ದರು. ಬಿಡುವೆಂಬುದು ಇರಲೇ ಇಲ್ಲ.

ಸಮಸ್ತವೂ ಪರಮೇಶ್ವರನ ಕೃಪೆಯೆಂದೇ ಆಕೆ ಬರೆಯುತ್ತಾಳೆ. ಈ ಭಕ್ತಿಯನ್ನು ಹೊರ ಹೊದಿಕೆಯೆಂದು ಕಳಚಿ ಒಳಗಿನ ಬಂಡಾಯವನ್ನಷ್ಟೇ ಎತ್ತಿಕೊಳ್ಳುವ ಓದು ನನಗೆ ಸಮ್ಮತವಲ್ಲ. ಗಂಡನ ಅಪ್ಪಣೆಗಿಂತ ಮೇಲಾದ ಅಪ್ಪಣೆಯೊಂದು ಆಕೆಗೆ ದೊರೆತದ್ದು ದೇವರಲ್ಲಿಯೇ ಅಲ್ಲವೆ? ಈ ಕೃತಿಯನ್ನು ಕುರಿತು 1999ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದ ಇತಿಹಾಸಜ್ಞೆ ತನಿಕಾ ಸರ್ಕಾರ್ ಆ ಭಕ್ತಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿದ್ದಾರೆ.

ಮನೆಯಲ್ಲಿ ಜಯಹರಿಯೆಂಬ ಕುದುರೆಯೊಂದಿತ್ತು. ಅಂಗಳದ ಧಾನ್ಯವನ್ನು ಅದು ತಿನ್ನುತ್ತಿದ್ದರೂ, ಯಜಮಾನನ ಕುದುರೆಯೆಂಬ ಒಂದೇ ಕಾರಣದಿಂದ ಅದರ ಕಣ್ಣಿಗೆ ಬೀಳಲು ನಾಚಿ ಒಳಗೇ ನಿಂತೆನೆಂದು ಆಕೆ ನೆನೆಯುತ್ತಾಳೆ. ಗಂಡನನ್ನು ನೇರವಾಗಿ ಕುರಿತ ಮಾತುಗಳು ಪುಸ್ತಕದಲ್ಲಿ ಅತ್ಯಲ್ಪ. ಅವು ಮರ್ಯಾದೆಯ ಎಲ್ಲೆಯನ್ನು ಮೀರುವುದಿಲ್ಲ. ಆ ಮನೆಯಲ್ಲಿ ಅಧಿಕಾರವು ಹೇಗೆ ನೆಲೆಸಿತ್ತೆಂಬುದನ್ನು ತಿಳಿಯಬೇಕಾದರೆ ನಾವು ಆ ಕುದುರೆಯ ಪ್ರಸಂಗವನ್ನೇ ಓದಬೇಕು.