ಅಳುವ ಕೂಸಿಗೆ ಮಾತು ಬೇಕು

ಅಳುವ ಕೂಸನ್ನು ‘ಗುಮ್ಮ ಬಂದ’ ಎಂದು ಬೆದರಿಸಿ ಸುಮ್ಮನಾಗಿಸುವ ರೂಢಿ ನಮ್ಮ ಮನೆಗಳಿಂದ ಇನ್ನೂ ತೊಲಗಿಲ್ಲ. ಬಾಯಿ ಮುಚ್ಚಿದ ಮಾತ್ರಕ್ಕೆ ದುಃಖವು ಶಮನವಾಯಿತೆಂದು ತಿಳಿಯುವುದು ಭ್ರಮೆ. ‘ಸಿಟ್ಟು ಬಂದಿತೇ? ಹೆದರಿಕೆಯಾಯಿತೇ?’ ಎಂದು ಕೇಳಿ ಭಾವಕ್ಕೆ ಹೆಸರು ಕೊಟ್ಟರೆ, ಮಗುವು ಹೊಡೆಯುವುದನ್ನು ಬಿಟ್ಟು ಹೇಳುವುದನ್ನು ಕಲಿಯುತ್ತದೆ. ಭಯದಂಡನೆಗಳಿಲ್ಲದ ಶಿಶುಶಿಕ್ಷಣವನ್ನು ಗಿಜುಭಾಯಿ ಬಧೇಕಾ ಅವರು 1920ರಲ್ಲಿಯೇ ಭಾವನಗರದ ಬಾಲಮಂದಿರದಲ್ಲಿ ಆರಂಭಿಸಿದರು. 3ರಿಂದ 8 ವರ್ಷದ ಮಕ್ಕಳ ಭಾವವಿಕಾಸವೂ ಶಿಕ್ಷಣದ ಗುರಿಯೆಂದು 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒಪ್ಪಿದೆ. ಆದರೆ ದಾಖಲೆಗಳ ಭಾರದಲ್ಲಿ ಬಳಲುವ ಅಂಗನವಾಡಿ ಕಾರ್ಯಕರ್ತೆಗೆ ಮಗುವಿನ ಮಾತನ್ನು ಕೇಳುವ ಬಿಡುವೆಲ್ಲಿ? ಆ ಬಿಡುವನ್ನು ಸರಕಾರವು ಒದಗಿಸಲೇಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಗುಮ್ಮನನ್ನು ಹೊರಗಟ್ಟುವ ಕೆಲಸ ತಾಯಿತಂದೆಗಳದು. ಇಂದು ತನ್ನ ಭಯವನ್ನು ಹೇಳಲರಿಯದ ಮಗು ನಾಳೆ ಅನ್ಯಾಯದೆದುರು ಬಾಯ್ದೆರೆಯುವುದೆಂತು?